ಒಡೆದ ದನಿಗಳ ಕಪಾಟು

ಕಾಕಾನ ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಮೂರು ಸಲ ಸೀಟಿ ಹೊಡೆಯಿತು. ಮೂರೂ ಸಲ ಮಂದಿ ಕಿವಿ ಮುಚ್ಚಿಕೊಂಡು ನನ್ನ ಕಡೆಗೇ ತಿರುಗಿದರು. ನಾನು ಎರಡೂ ಕೈ ಮೇಲೆತ್ತಿ, ತುಟಿ ಬಿಗಿದು, ನಾನಲ್ಲ ಎಂದು ತೋರಿಸಿದೆ. ಗಜೇಂದ್ರಗಡದ ಮಂದಿ ನಂಬಲಿಲ್ಲ. ಮೈಕಿನ ಸೀಟಿಯನ್ನು ಬಾಯಿಂದ ಥೇಟಾಗಿ ಹೊಡೆಯುವವನು ಈ ಸೀಮೆಗೆಲ್ಲ ನಾನೊಬ್ಬನೇ ಎಂದು ಅವರು ತಿಳಿದಿದ್ದಾರೆ. ಆ ತಿಳಿವಳಿಕೆ ತಪ್ಪು. ಅದನ್ನು ಹುಟ್ಟಿಸಿದವನು ನಾನೇ. ಯಾಕೆ ಹುಟ್ಟಿಸಿದೆ ಎಂದು ಹೇಳಬೇಕಾದರೆ ಕಾಕಾನಿಂದಲೇ ಶುರು ಮಾಡಬೇಕು.

ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಊರಿಗೆಲ್ಲ ಅವರು ಮೈಕಿನ ಕಾಕಾ. ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಶಟರಿನ ಅಂಗಡಿ. ಮದುವೆಗೆ, ಸಾಲೆಯ ಗ್ಯಾದರಿಂಗಿಗೆ ಮೈಕ್ ಸೆಟ್ ಬಾಡಿಗೆ ಕೊಡುವುದು, ಉಳಿದ ಹೊತ್ತಿನಲ್ಲಿ ಆಂಪ್ಲಿಫಾಯರ್ ರಿಪೇರಿ. ಅವರು ಕುಳಿತದ್ದನ್ನು ನಾನು ನೋಡಿದ್ದು ಎರಡೇ ಸಲ. ಅಂಗಡಿಯಲ್ಲಿ ಒಂದು ಸ್ಟೂಲ್ ಇತ್ತು, ನಿಜ. ಅದರ ಮೇಲೆ ಬೆಸುಗೆಯ ಸಾಮಾನು ಕುಳಿತಿರುತ್ತಿತ್ತು. ಕಾಕಾ ಊಟವನ್ನು ನಿಂತು ಮಾಡುವರು, ಚಹಾವನ್ನು ಅಡ್ಡಾಡುತ್ತ ಕುಡಿಯುವರು. ಎರಡೂ ಕೈ ಬೆನ್ನ ಹಿಂದೆ, ತಲೆ ಎಡಕ್ಕೆ ಒಂದಿಷ್ಟು ವಾಲಿದ್ದು, ಎರಡು ಹೆಜ್ಜೆ ನಡೆದು, ನಿಂತು, ಕೇಳಿ, ಮತ್ತೆರಡು ಹೆಜ್ಜೆ. ಅನ್ನದ ಕಾಳು ಹುಡುಕುವ ಕಾಗೆಯ ನಡಿಗೆ. ಈ ನಡಿಗೆ ನನ್ನ ಮಿಮಿಕ್ರಿಯಲ್ಲಿ ಭಾಳ ಓಡಿದ ಐಟಂ. ಅದರ ಬಗ್ಗೆ ಆಮೇಲೆ ನಾಚಿಕೊಳ್ಳುವುದು ಇದ್ದೇ ಇದೆ.

ಒಮ್ಮೆ ರೋಣಕ್ಕೆ ಹೋಗುವ ಬಸ್ಸಿನಲ್ಲಿ ಅವರ ಜೊತೆ ಹೋಗಿದ್ದೆ. ಸೀಟು ಖಾಲಿ ಇತ್ತು. ಕಾಕಾ ಕೂಡ್ರಲಿಲ್ಲ. ಬೆರಳಿನ ಗೆಣ್ಣಿನಿಂದ ಒಂದೊಂದೇ ಕಿಟಕಿ ಬಡಿಯುತ್ತ ಹಿಂದಿನ ತನಕ ಹೋದರು.

“ಕಂಡಕ್ಟರ್ ಸಾಹೇಬ್ರ, ಇಲ್ಲೆ ಒಂದ ನಟ್ಟ ಸಡ್ಲ ಆಗೈತ್ರಿ. ಇಡೀ ಗಾಡಿ ಅಳಾಕ ಹತ್ತಿದ್ದು ಇದರ ಸಲುವಾಗಿ.”

“ಮೊದ್ಲ ಟಿಕೀಟ ತಗಸ್ರಿ,” ಎಂದ ಕಂಡಕ್ಟರ್. “ಗಾಡಿನ್ನ ಆಮ್ಯಾಲೆ ಸಮಾಧಾನ ಮಾಡೂಣು.”

ಸೆಟ್ ಹೂಡಿದ ಮೇಲೆ ಅವರು ಎಲ್ಲರಂತೆ ‘ಹಲೋ ಹಲೋ’ ಎನ್ನುತ್ತಿರಲಿಲ್ಲ. ಸುತ್ತಲಿನ ಊರುಗಳ ಹೆಸರು ಹೇಳುತ್ತಿದ್ದರು. “ಇಟಗಿ... ನರೇಗಲ್ಲ... ಮುಶಿಗೇರಿ... ಗಜೇಂದ್ರಗಡ...” ಇಟಗಿಯ ಟಕಾರ ಬಡಿದ ಹಾಗೆ ಬರಬೇಕು. ಗಜೇಂದ್ರಗಡ ಎಂದರೆ ನೆಲದಿಂದ ಏಳಬೇಕು. ಮುಶಿಗೇರಿಯ ಶಕಾರ ತೆಳ್ಳಗೆ, ಆದರೆ ಕಿವಿ ಕೊಯ್ಯದಂತೆ ಬರಬೇಕು. ಆ ಶಕಾರ ತೀರ ಮೊನಚಾದರೆ ಸೀಟಿ ಹತ್ತಿರದಲ್ಲೇ ಇದೆ ಎಂದು ಲೆಕ್ಕ. ಮೈಕು ತನ್ನ ದನಿಯನ್ನು ಸ್ಪೀಕರಿನಿಂದ ತಾನೇ ಕೇಳಿಸಿಕೊಂಡು, ಮತ್ತೆ ಕೂಗಿ, ಮತ್ತೆ ಕೇಳಿಸಿಕೊಂಡು ಹುಚ್ಚೇಳುವುದಕ್ಕೆ ಅವರು ‘ಕುಂಯ್ ಅನ್ನೂದು’ ಎನ್ನುತ್ತಿದ್ದರು. ಯಾರಾದರೂ ಬಾಡಿಗೆ ಕೇಳಲು ಬಂದರೆ ದರ ಹೇಳುವ ಮೊದಲು ಒಂದು ಮಾತು: “ನನ್ನ ಸೆಟ್ಟು ಒಮ್ಮೆನೂ ಕುಂಯ್ ಅಂದಿಲ್ಲ.” ಅದು ಜಂಬವೂ ಹೌದು, ಖರೆಯೂ ಹೌದು.

ಇನ್ನು ನನ್ನ ವಿಷಯ. ಆಗ ನನಗೆ ಇಪ್ಪತ್ತಮೂರು. ಹಗಲೆಲ್ಲ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೂತು ಮಂದಿಯ ಹೆಸರು, ಹುಟ್ಟಿದ ತಾರೀಖು ಬಡಿಯುವುದು; ಅವರು ಅತ್ತ ಹೋದ ಮೇಲೆ ಅವರ ದನಿ ತೆಗೆದು ಇತ್ತ ಉಳಿದವರನ್ನು ನಗಿಸುವುದು. ಎಲ್ಲರ ದನಿಯೂ ನನ್ನ ಬಾಯಲ್ಲಿತ್ತು, ನನ್ನದೊಂದು ಬಿಟ್ಟು. ಅದನ್ನು ಹುಡುಕುವುದಕ್ಕೆಂದು ಗಿಟಾರ್ ಹಿಡಿದೆ ಎಂದರೆ ಕೇಳಲು ಚೆಂದ. ನಡೆದದ್ದೇನೆಂದರೆ ಫೋನಿನಲ್ಲಿ ವೀಡಿಯೊ ನೋಡಿ ತಲೆ ಕೆಟ್ಟು ಒಂದು ಎಲೆಕ್ಟ್ರಿಕ್ ಗಿಟಾರ್ ತಂದೆ. ಅದರ ಬೆನ್ನಿಗೆ ಮೂರು ಪೆಡಲ್. ಪೆಡಲ್ ಎಂದರೆ ಕಾಲಿನಿಂದ ಒತ್ತುವ ಸಣ್ಣ ಡಬ್ಬಿ. ಗಿಟಾರಿನ ಸ್ವಚ್ಛ ದನಿ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಒಡೆದು ಹೊರಗೆ ಬರುತ್ತದೆ. ಹಾಗೆ ಒಡೆಯುವುದಕ್ಕೆ ಡಿಸ್ಟಾರ್ಷನ್ ಎಂದು ಹೆಸರು. ಒಂದು ಡಬ್ಬಿ ಜೇನುಹುಳದ ಹಾಗೆ ಗುಂಯ್‌ಗುಡುತ್ತಿತ್ತು, ಒಂದು ಗರಗಸದ ಹಾಗೆ, ಮೂರನೆಯದು ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಯಾವುದು ಒಳ್ಳೆಯದೋ ತಿಳಿಯದೆ ಮೂರನ್ನೂ ಒಟ್ಟಿಗೆ ಒತ್ತಿದೆ. ಅದೂ ಸಾಲದೆಂದು ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಒಂದು ಬ್ಯಾಂಡಿನವರಿಂದ ನೂರು ವ್ಯಾಟಿನ ಆಂಪ್ಲಿಫಾಯರ್ ಹೊತ್ತು ತಂದೆ. ನನ್ನ ಕೋಣೆ ಹತ್ತಡಿಗೆ ಎಂಟಡಿ, ಮೇಲೆ ತಗಡು. ಗುಂಡಿಯನ್ನು ಒಂದಕ್ಕೆ ತಿರುವಿದರೆ ಸೊಳ್ಳೆ. ಒಂದೂವರೆಗೆ ತಿರುವಿದರೆ ತಗಡಿನ ಮೊಳೆಗಳು ನನಗಿಂತ ಚೆನ್ನಾಗಿ ಬಾರಿಸುತ್ತಿದ್ದವು.

ಬಾಜೂ ಮನೆಯ ಅಜ್ಜಿ ಅವ್ವನ ಹತ್ತಿರ ಬಂದು, “ನಿನ್ನ ಮಗಾ ಬಡಿಗತನ ಕಲ್ಯಾಕ ಹತ್ಯಾನೇನವಾ? ಚಲೋ ಆತ ಬಿಡು. ನಮ್ಮ ಹಿತ್ತಲಕ್ಕ ಒಂದ ಬಾಗಲಾ ಮಾಡಿಕೊಡಂತ ಹೇಳು” ಎಂದಳು.

ನನಗೆ ಬೇಕಾದದ್ದು ದೊಡ್ಡದೇನೂ ಆಗಿರಲಿಲ್ಲ. ನಾನೇ ಕಟ್ಟಿದ ಮೂರು ನಿಮಿಷದ ಒಂದು ರಾಗವನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕು. ಕೇಳಿದವರಿಗೆ ಅದು ಗಿಟಾರ್ ಎಂದು ಗೊತ್ತಾಗಬೇಕು. ರೆಕಾರ್ಡ್ ಮಾಡಿ ಕೇಳಿದರೆ ಮಿಕ್ಸರಿನಲ್ಲಿ ಒಣಮೆಣಸಿನಕಾಯಿ ಹಾಕಿದ ಹಾಗಿತ್ತು. ಕೊನೆಗೆ ಎಲ್ಲವನ್ನೂ ಬೈಕಿಗೆ ಬಿಗಿದುಕೊಂಡು ಕಾಕಾನ ಅಂಗಡಿಗೆ ಹೋದೆ.

“ಏನಾಗೈತಿ ಇದಕ್ಕ?”

“ಏನೂ ಆಗಿಲ್ರಿ ಕಾಕಾ. ದನಿ ಸ್ವಚ್ಛ ಬರ್ತೈತಿ. ಸ್ವಲ್ಪ ಒಡದ ಬರೂವಂಗ ಮಾಡಿಕೊಡ್ರಿ.”

ನಡೆಯುತ್ತಿದ್ದ ಕಾಕಾ ನಿಂತರು. “ಅಂಗಡಿ ತಪ್ಪಿ ಬಂದೀ ಲೇ ನಕಲಿ. ಇಲ್ಲೆ ಒಡದದ್ದನ್ನ ಜೋಡಸ್ತೀವಿ.” ನಕಲಿ ಎಂದು ಅವರು ನನ್ನನ್ನು ಕರೆಯುತ್ತಿದ್ದದ್ದು ಪ್ರೀತಿಯಿಂದ ಎಂದು ನಾನು ತಿಳಿದುಕೊಂಡಿದ್ದೇನೆ.

“ಜೋಡಸಾವ್ರಿಗೆ ಒಡಿಯೂದೂ ಗೊತ್ತಿರ್ತೈತಲ್ರಿ.”

“ದವಾಖಾನಿ ಡಾಕ್ಟರಗ ವಿಷಾ ಗೊತ್ತಿರ್ತೈತಿ. ಚೀಟಿ ಬರಸ್ಕೊಂಡ ಬರ್ತಿಯೇನ?”

ಹಾಗೆ ಅಂದರೂ ಕೈ ಸುಮ್ಮನಿರಲಿಲ್ಲ. ಎಲ್ಲವನ್ನೂ ಜೋಡಿಸಿ ಬಾರಿಸು ಎಂದರು. ಬಾರಿಸಿದೆ. ಹೆಬ್ಬೆರಳಿನಿಂದ ಪೆಡಲುಗಳನ್ನು ಒಂದೊಂದಾಗಿ ಆರಿಸಿದರು, ಒಲೆ ನಂದಿಸುವವರ ಹಾಗೆ.

“ಮೊದಲನೇ ಡಬ್ಬಿ ಒಡೀತು. ಒಡದದ್ದನ್ನ ಎರಡನೇದು ಒಡೀತು. ಅದನ್ನ ಮತ್ತ ಮೂರನೇದು. ಏನ ಉಳೀತು? ಹಿಟ್ಟು.” ಆಮೇಲೆ ನೂರು ವ್ಯಾಟಿನ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ನಿನ್ನ ಖೋಲಿ ಎಷ್ಟ ದೊಡ್ಡದು?”

ಹೇಳಿದೆ.

“ಮದಿವಿ ಅಡಗಿ ಮಾಡೂ ಹಂಡೇದಾಗ ಒಂದ ಕಪ್ ಚಾ ಕುದಸಾಕ ಹತ್ತೀದಿ. ತಳಾ ಹತ್ತತೈತಿ. ಚಾ ಆಗೂದಿಲ್ಲ.”

ಆ ಒಂದು ಮಾತು ನಾನು ನೋಡಿದ ಅಷ್ಟೂ ವೀಡಿಯೊಗಳಿಗಿಂತ ದೊಡ್ಡದು. ಆಂಪ್ಲಿಫಾಯರಿನ ದನಿ ಚೆಂದಾಗಿ ಒಡೆಯಬೇಕಾದರೆ ಅದು ತನ್ನ ಶಕ್ತಿ ಮೀರಿ ದುಡಿಯಬೇಕು. ದೊಡ್ಡದಕ್ಕೆ ಮನೆಯಲ್ಲಿ ಕೆಲಸವೇ ಇಲ್ಲ, ಅದು ಗೊರಕೆ ಹೊಡೆಯುತ್ತ ಬಾರಿಸುತ್ತದೆ. ಸಣ್ಣದು ಸಣ್ಣ ಸಪ್ಪಳದಲ್ಲೇ ಏದುಸಿರು ಬಿಡುತ್ತದೆ, ಗಂಟಲು ಬಿರಿಯುತ್ತದೆ. ಕಾಕಾ ಇಡೀ ಆಯುಷ್ಯ ಯಾವ ಏದುಸಿರಿನ ಜೊತೆ ಗುದ್ದಾಡಿದ್ದರೋ ನಾನು ಅದನ್ನೇ ಬೇಡಲು ಹೋಗಿದ್ದೆ.

ನಾನು ಹೊಳ್ಳಿ ಹೊರಡುವಷ್ಟರಲ್ಲಿ ಅವರು ಹಿಂದಿನ ಗೋಡೆಯ ಕಪಾಟು ತೆರೆದರು. “ಇವು ನಾ ಸೋತ ಪೇಶೆಂಟ್‌ಗಳು.”

ಒಳಗೆ ಹಳೆಯ ಆಂಪ್ಲಿಫಾಯರುಗಳು, ಮೇಲಿಂದ ಕೆಳಗಿನ ತನಕ. ರಿಪೇರಿಗೆ ಬಂದು, ಎಷ್ಟು ಮಾಡಿದರೂ ದನಿ ಒಡೆಯುವುದು ನಿಲ್ಲದೆ, ಮಾಲಕರು ಬಿಟ್ಟು ಹೋದವು. ಒಂದೊಂದರ ಮೇಲೂ ಬಿಳಿ ಸೀಮೆಸುಣ್ಣದಲ್ಲಿ ರೋಗ ಬರೆದಿತ್ತು. ‘ಮೂಗಿನ್ಯಾಗ ಮಾತಾಡತೈತಿ.’ ‘ಕಾದ ಮ್ಯಾಲೆ ಒದರತೈತಿ.’ ‘ಬಾಯಾಗ ಎಲಿ ಅಡಿಕಿ ಐತಿ.’ ‘ಜೇನಹುಳ.’ ‘ಮುಂಜಾನಿ ಚಲೋ, ಸಂಜಿಕೆ ಹುಚ್ಚು.’ ಅಂತರ್ಜಾಲದಲ್ಲಿ ನಾನು ವಾರಗಟ್ಟಲೆ ಓದಿದ ಡಿಸ್ಟಾರ್ಷನ್ ಬಗೆಗಳೆಲ್ಲ ನಮ್ಮ ಭಾಷೆಯಲ್ಲಿ ಸಾಲಾಗಿ ನಿಂತಿದ್ದವು.

“ಯಾವ ರೋಗಾ ಬೇಕ ಆರಿಸ್ಕೋ,” ಎಂದರು. “ಆದ್ರ ಮೊದ್ಲ ಹದಿನೈದ ದಿವಸ ಸ್ವಚ್ಛ ದನಿಯಾಗ ಬಾರಿಸ್ಕೊಂಡ ಬಾ. ಬಾರಸಾಕ ಬರದಾವ್ರು ದನಿ ಒಡದ ಮುಚ್ಚಿಡ್ತಾರ. ನಿನ್ನ ಬೆರಳ ಏನ ಮಾಡ್ತಾವ ನಿನಗರೆ ಗೊತ್ತಾಗ್ಲಿ.”

ಗೊತ್ತಾಯಿತು. ನನ್ನ ಬೆರಳುಗಳು ಸುಳ್ಳು ಹೇಳುತ್ತಿದ್ದವು. ಹದಿನೈದು ದಿನಕ್ಕೆ ಸ್ವಲ್ಪ ಕಡಿಮೆ ಹೇಳತೊಡಗಿದವು.

ಆಮೇಲೆ ದಿನಾ ಸಂಜೆ ಅಂಗಡಿಗೆ ಹೋಗಿ ಒಂದೊಂದು ಪೇಶೆಂಟಿಗೂ ಗಿಟಾರ್ ಹಚ್ಚಿ ಬಾರಿಸಿ ನೋಡುವುದು. ಎಲೆ ಅಡಿಕೆಯದು ಎರಡು ದಿನ ಖುಷಿ ಕೊಟ್ಟಿತು, ಮೂರನೆಯ ದಿನ ಎಲ್ಲ ರಾಗವೂ ಒಂದೇ ಅನ್ನಿಸಿತು. ಜೇನುಹುಳದ್ದು ಒಂದೊಂದೇ ಸ್ವರಕ್ಕೆ ಚೆಂದ, ಎರಡು ತಂತಿ ಕೂಡಿ ಮೀಟಿದರೆ ಜಗಳ. ಸಂಜೆಯ ಹುಚ್ಚಿನದು ನಿಜವಾಗಿ ಸಂಜೆಗೇ ಹುಚ್ಚಾಗುತ್ತಿತ್ತು. ಸಂಜೆ ಓಣಿಯಲ್ಲೆಲ್ಲ ದೀಪ ಹತ್ತಿ ಕರೆಂಟು ಇಳಿಯುತ್ತದೆ ಎಂದು ಕಾಕಾ ಕಾರಣ ಹೇಳಿದರು. ಹೀಗೆ ಹುಡುಕುವಾಗ ಕೆಳಗಿನ ಅರೆಯಲ್ಲಿ ಒಂದು ಸಣ್ಣ ವಾಲ್ವ್ ಸೆಟ್, ಹಳೆಯ ರೇಡಿಯೊದಂತೆ ಒಳಗೆ ಗಾಜಿನ ಬುರುಡೆಗಳಿದ್ದದ್ದು, ಸಿಕ್ಕಿತು. ಐದೇ ವ್ಯಾಟು. ಅದರ ಮೇಲೆ ಬರೆದದ್ದು: ‘ಮೆತ್ತಗ ಮಾತಾಡಿದ್ರ ಚಲೋ. ಸಿಟ್ಟಿಗೆದ್ರ ಒಡಿತೈತಿ.’

ಹಚ್ಚಿ ಮೆಲ್ಲಗೆ ಮೀಟಿದೆ. ದನಿ ಬಿಸಿಯಾಗಿ, ದುಂಡಗೆ ಬಂತು. ಜೋರಾಗಿ ಮೀಟಿದೆ. ಬಿರುಕು ಬಿಟ್ಟಿತು, ಆದರೆ ಸ್ವರ ಒಳಗೆ ಇಡಿಯಾಗಿಯೇ ಇತ್ತು. ಯಾವ ಪೆಡಲೂ ಬೇಕಾಗಿರಲಿಲ್ಲ. ನನ್ನ ಕೈಯ ಸಿಟ್ಟು, ಸಮಾಧಾನ ಎರಡೂ ಅದಕ್ಕೆ ತಿಳಿಯುತ್ತಿತ್ತು. ಕಾಕಾ ಆಗಲೇ ಹಳೆಯ ವಾಯರು ಕಿತ್ತು ಮೂರು ಪಿನ್ನಿನ ಹೊಸ ವಾಯರು ಹಾಕತೊಡಗಿದರು. “ದನಿ ಒಡದ್ರ ಒಡೀಲಿ. ಅರ್ಥಿಂಗ್ ಕೆಟ್ಟಿರಬಾರ್ದು. ಇದರಾಗಿನ ಕರೆಂಟ ನಿನ್ನ ನಗಿಚಾಷ್ಟಿ ಕೇಳೂದಿಲ್ಲ.”

ಅವರು ಅದರಲ್ಲಿ ಮುಳುಗಿದ್ದಾಗ, ಬಾಜೂ ಮೇಜಿನ ಮೇಲೆ ಪರೀಕ್ಷೆಗೆಂದು ಹಚ್ಚಿಟ್ಟಿದ್ದ, ರಿಪೇರಿಗೆ ಬಂದ ಬೇರೆಯವರ ಸೆಟ್ಟು ಇದ್ದಕ್ಕಿದ್ದಂತೆ ಸೀಟಿ ಹಿಡಿಯಿತು. ಸೂಜಿಯಂಥ ಸಣ್ಣ ಸೀಟಿ. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಕಾಕಾ ತಣ್ಣಗೆ ಸ್ಕ್ರೂ ತಿರುವುತ್ತಿದ್ದರು. ತಲೆ ಎತ್ತಿದಾಗ ಅವರು ನೋಡಿದ್ದು ಆ ಸೆಟ್ಟನ್ನಲ್ಲ, ನನ್ನ ಕೈಗಳನ್ನು. ಆಮೇಲೆ ಹೋಗಿ ಅದನ್ನು ಬಂದ್ ಮಾಡಿದರು.

“ಎಷ್ಟೊತ್ತಿಂದ ಹೊಡ್ಯಾಕ ಹತ್ತಿತ್ತು?”

ಕಿವಿಯಿಂದ ಕೈ ಇಳಿಸಿದೆ.

ಕಾಕಾ ಸ್ಟೂಲಿನ ಮೇಲಿನ ಸಾಮಾನು ಕೆಳಗಿಟ್ಟು ಕುಳಿತರು. ನಾನು ನೋಡಿದ ಮೊದಲನೆಯ ಸಲ. ಎರಡು ವರ್ಷದಿಂದ ಸೂಜಿಯಂಥ ಸಣ್ಣ ದನಿಗಳು ಕೇಳುವುದಿಲ್ಲ ಎಂದರು. ಮಾತು ಕೇಳುತ್ತದೆ, ಹಾಡು ಕೇಳುತ್ತದೆ. ಮುಶಿಗೇರಿಯ ಶಕಾರ ಮಾತ್ರ ಎಲ್ಲೋ ಬಿದ್ದು ಹೋಗಿದೆ. ಈಗ ಮಂದಿಯ ಮುಖ ನೋಡಿ ಆ ಸಣ್ಣ ದನಿಯ ಟ್ರೆಬಲ್ ಗುಂಡಿ ತಿರುವುತ್ತಾರೆ. ಮಗಳಿಗೂ ಹೇಳಿಲ್ಲ.

“ಬಂದ್ ಮಾಡೂದೈತಿ ಲೇ. ಮಾಡ್ತೀನಿ. ರೋಣದಾಗ ನಮ್ಮ ಪಿಟಿ ಮಾಸ್ತರಂದು ರಿಟೈರ್ಮೆಂಟ್ ಫಂಕ್ಷನ್ ಐತಿ. ಒಂದ ಬೆಂಚಿನ ಮ್ಯಾಲೆ ಕಲತಾವ್ರು ನಾವು. ಅಂವನ ಮದಿವಿಗೆ ನಾ ಮೊದಲನೇ ಸೆಟ್ ಹೂಡಿದ್ದು. ಇದ ಕಡೀದು. ಒಮ್ಮೆನೂ ಕುಂಯ್ ಅನ್ನದಂಗ ಶಟರ್ ಎಳೀಬೇಕು, ಅಷ್ಟ. ನಿನಗ ಒಡದ ದನಿ ಬೇಕು, ತಗೋ. ಅಲ್ಲಿತನಾ ನನಗ ನಿನ್ನ ಕಿವಿ ಕೊಡು.”

“ಕೊಡ್ತೀನ್ರಿ.”

“ನೀ ಊರ ತುಂಬ ಬಾಯಿ ಇದ್ದಾಂವ. ಇದನ್ನ ಯಾರ ಮುಂದರೆ ಮಾಡಿ ತೋರಿಸಿದಿ ಅಂದ್ರ...”

“ನಿಮ್ಮಾಣಿ, ಹೇಳೂದಿಲ್ರಿ ಕಾಕಾ.”

“ನನ್ನ ಆಣಿ ಯಾಕ ಮಾಡ್ತಿ? ನಿಂದ ಮಾಡು.”

ಅಂದಿನಿಂದ ಪ್ರತಿ ಕಾರ್ಯಕ್ರಮದಲ್ಲೂ ನಾನು ಕಡೆಯ ಸಾಲಿನ ಹಿಂದೆ. ಬಲಗಿವಿ ಮುಟ್ಟಿದರೆ ಟ್ರೆಬಲ್ ಇಳಿಸಿ, ತಲೆ ಕೆರೆದರೆ ಸಪ್ಪಳ ಇಳಿಸಿ, ಕೈ ಕಟ್ಟಿ ನಿಂತರೆ ಎಲ್ಲ ಸರಿ. ನರೇಗಲ್ಲಿನ ಒಂದು ಮದುವೆಯಲ್ಲಿ ನಾನು ಇಷ್ಟು ಸಲ ತಲೆ ಕೆರೆದೆನೆಂದರೆ, ಹೆಣ್ಣಿನ ಕಡೆಯ ವಯಸ್ಸಾದ ಕಾಕು ಒಬ್ಬಳು ಕರೆದು, “ಯಪ್ಪಾ, ಬೇವಿನೆಣ್ಣಿ ಹಚ್ಚಿ ಸಣ್ಣ ಹಣಗೀಲೆ ಹಿಕ್ಕೋ” ಎಂದು ಗುಟ್ಟಾಗಿ ಹೇಳಿದಳು. ಕಾಕಾನ ಹೆಸರು ಉಳಿಯಿತು, ನನ್ನ ತಲೆಯ ಹೆಸರು ಕೆಟ್ಟಿತು.

ರೋಣದ ಆ ದಿನ ಸಂಜೆ ನಾಲ್ಕಕ್ಕೇ ಸಾಲೆಯ ಮೈದಾನ ತುಂಬಿತ್ತು. ಕಾಕಾ ವೇದಿಕೆಯ ಎಡಕ್ಕೆ ಮೇಜು ಹಾಕಿಕೊಂಡು ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ. ಊರುಗಳ ಹೆಸರು ಹೇಳಿ ಮುಗಿಸಿದರು. ನಾನು ಹಿಂದಿನಿಂದ ಕೈ ಕಟ್ಟಿ ತೋರಿಸಿದೆ. ಒಂದು ತಾಸು ಎಲ್ಲ ಸುಸೂತ್ರ. ಆಗ ಮುಖ್ಯ ಅತಿಥಿಗಳು ದಾರಿಯಲ್ಲಿದ್ದಾರೆ ಎಂದು ಸುದ್ದಿ ಬಂತು. ನಿರೂಪಣೆ ಮಾಡುತ್ತಿದ್ದ ಮಾಸ್ತರು ನನ್ನನ್ನು ಹಿಂದಿನ ಸಾಲಿನಲ್ಲಿ ಕಂಡರು. “ಅವರು ಬರೂತನಾ ನಮ್ಮ ಮಿಮಿಕ್ರಿ ಹುಡುಗ ಹತ್ತ ಮಿನಿಟ್ ನಗಸ್ತಾನ್ರಿ” ಎಂದು ಮೈಕಿನಲ್ಲಿ ಹೇಳಿಬಿಟ್ಟರು.

ನಾನು ಕಾಕಾನನ್ನು ನೋಡಿದೆ. ಕಾಕಾ ತಲೆಯನ್ನು ಒಂದೇ ಒಂದು ಸಲ ಅಡ್ಡ ಆಡಿಸಿದರು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ, ಇಲ್ಲಿ ಬೇಡ. ನೋಡಿದೆ, ಮತ್ತು ಮೆಟ್ಟಿಲು ಹತ್ತಿದೆ. ವೇದಿಕೆ ಕರೆದರೆ ನನ್ನ ಕಾಲುಗಳಿಗೆ ಬೇರೆಯದೇ ತಲೆ ಇರುತ್ತದೆ.

ಪಿಟಿ ಮಾಸ್ತರರ ದನಿ ತೆಗೆದೆ, ನಕ್ಕರು. ಹೆಡ್‌ಮಾಸ್ತರರ ದನಿ ತೆಗೆದೆ, ನಕ್ಕರು. “ಮೈಕಿನ ಕಾಕಾನ್ನ ಮಾಡೋ ಲೇ” ಎಂದು ಯಾರೋ ಕೂಗಿದರು. ಕಾಕಾನ ನಡಿಗೆ ನಿಂತಲ್ಲೇ ಮಾಡಿದರೆ ಏನು ಬಂತು? ಸ್ಟ್ಯಾಂಡಿನಿಂದ ಮೈಕು ಕಿತ್ತುಕೊಂಡು, ತಲೆ ವಾಲಿಸಿ, ಎರಡು ಹೆಜ್ಜೆ, ನಿಂತು, ಮತ್ತೆರಡು ಹೆಜ್ಜೆ. “ಇಟಗಿ... ನರೇಗಲ್ಲ...” ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಮತ್ತೆರಡು ಹೆಜ್ಜೆಗೆ ನಾನು ಮೈಕಿನೊಂದಿಗೆ ನೇರ ಸ್ಪೀಕರಿನ ಬಾಯಿಯೆದುರು ನಿಂತಿದ್ದೆ.

ಸೀಟಿ ಎದ್ದಿತು. ಸೂಜಿಯಂಥದ್ದು. ಇಡೀ ಮೈದಾನ ಕಿವಿ ಮುಚ್ಚಿಕೊಂಡಿತು, ಮುಂದಿನ ಸಾಲಿನ ಕೂಸುಗಳು ಅತ್ತವು. ನಾನು ತಿರುಗಿ ನೋಡಿದೆ. ಕಾಕಾ ಗುಂಡಿಗಳಿಂದ ಕೈ ತೆಗೆದು, ಮಂದಿಯನ್ನು ನೋಡುತ್ತ ನಗುತ್ತಿದ್ದರು. ಮಂದಿ ಕಿವಿ ಮುಚ್ಚಿಕೊಂಡದ್ದೂ ಆಟವೆಂದು ತಿಳಿದು, ತಮ್ಮ ನಕಲು ನೋಡಿ ಅವರಿಗೆ ಇಷ್ಟು ನಗು ಬಂತೆಂದು ಅವರಿಗೂ ಖುಷಿಯಾಗಿತ್ತು.

ಎಷ್ಟು ಹೊತ್ತು, ಎರಡು ಸೆಕೆಂಡೋ ಮೂರೋ. ನಾನು ಮೈಕು ಎದೆಗೆ ಒತ್ತಿಕೊಂಡು ಹಿಂದೆ ಸರಿದೆ. ಸೀಟಿ ನಿಂತಿತು. ಎಲ್ಲರ ಕಣ್ಣು ಕಾಕಾನ ಮೇಜಿನ ಕಡೆ ತಿರುಗುತ್ತಿತ್ತು. ನನ್ನ ಬಾಯಿ ನನಗಿಂತ ಮೊದಲು ಓಡಿತು.

“ಹೆದರೀರೇನು? ಕಾಕಾನ ಸೆಟ್ಟು ಕುಂಯ್ ಅಂದದ್ದ ಯಾರರೆ ಕೇಳೀರೇನ್ರಿ? ಇಲ್ಲ. ಅದು ಅನ್ನೂದಿಲ್ಲ ಅಂತ ನಾನ ಅಂದು ತೋರಿಸಿದೆ. ಇನ್ನೊಮ್ಮೆ ಕೇಳ್ರಿ.” ನಾಲಿಗೆಯನ್ನು ಹಲ್ಲಿಗೆ ಒತ್ತಿ, ಉಸಿರು ಇರುವಷ್ಟೂ ಸೀಟಿ ಹೊಡೆದೆ. ಮೊದಲನೆಯದಕ್ಕೆ ಅದು ದೂರದ ಸಂಬಂಧಿ. ಆದರೆ ಮಂದಿ ಮತ್ತೆ ಕಿವಿ ಮುಚ್ಚಿಕೊಂಡರು, ಈ ಸಲ ಆಟಕ್ಕೆ, ಮತ್ತು ಮೈದಾನವೆಲ್ಲ ಚಪ್ಪಾಳೆ. ಕಾಕಾನ ಹೆಸರು ಉಳಿಯಿತು ಎಂದುಕೊಂಡು ಇಳಿದೆ. ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ, ಕೈ ಎಟುಕಿದಷ್ಟು.

ಸಾಮಾನು ಹೇರಿಕೊಂಡು ಟಂಟಂ ಗಾಡಿಯಲ್ಲಿ ಹೊಳ್ಳಿ ಬರುವಾಗ ಕಾಕಾ ಬೆರಳಿನಿಂದ ತಗಡು ಬಡಿಯುತ್ತ ನಿಂತೇ ಬಂದರು.

ಮರುದಿನ ಮುಂಜಾನೆ ಫೋನ್ ಬಂತು. “ಬಾ.” ಹೋದೆ.

“ನಿನ್ನೆ ಸೀಟಿ ಹೊಡದಿದ್ದ್ಯಲ್ಲ, ಹೊಡಿ.”

ಹೊಡೆದೆ.

“ಇದು ನನಗ ಕೇಳಿಸ್ತು,” ಎಂದರು ಕಾಕಾ. “ನಿನ್ನೆನೂ ಕೇಳಿಸ್ತು. ಒಂದ ಸಲ. ಮಂದಿ ಎರಡ ಸಲ ಕಿವಿ ಮುಚ್ಚಿಕೊಂಡ್ರು.”

ನನ್ನ ಇಷ್ಟು ವರ್ಷದ ಮಿಮಿಕ್ರಿಯಲ್ಲಿ ಅಷ್ಟು ಸುಲಭವಾಗಿ ಯಾರೂ ನನ್ನನ್ನು ಹಿಡಿದಿರಲಿಲ್ಲ. “ಎರಡೂ ನಂದ ರೀ ಕಾಕಾ,” ಎಂದೆ. “ಮೈಕ್ ಹಿಡಕೊಂಡು ಸ್ಪೀಕರ್ ಮುಂದ ಹೋಗಿದ್ದು ನಾ. ತಪ್ಪ ನಂದು.”

“ಮೈಕ್ ಹಿಡಕೊಂಡು ಹುಚ್ಚರಂಗ ಅಡ್ಡಾಡಾವ್ರು ಎಲ್ಲಾ ಊರಾಗೂ ಇರ್ತಾರ. ಮಂತ್ರಿಗಳೂ ಅಡ್ಡಾಡ್ತಾರ. ಅದಕ್ಕ ಒಬ್ಬಾಂವ ಗುಂಡಿ ಹಿಡಕೊಂಡ ನಿಂತಿರ್ತಾನ. ಆ ಒಬ್ಬಾಂವ ನಾನು.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಅದನ್ನಾದರೂ ನಕಲು ಮಾಡಬಹುದಿತ್ತು. “ಮೊದಲನೇದು ನಂದು. ನಿನ್ನ ಹೆಸರಿಗೆ ಬರ್ಕೋಬ್ಯಾಡ.”

ಸೀಮೆಸುಣ್ಣ ತೆಗೆದುಕೊಂಡರು. ದಿನಾ ಒರೆಸಿ ಇಡುತ್ತಿದ್ದ, ಯಾವ ಗೆರೆಯೂ ಇಲ್ಲದ ತಮ್ಮ ದೊಡ್ಡ ಸೆಟ್ಟಿನ ಮೇಲೆ ದುಂಡಗೆ ಬರೆದರು: ‘ಇದಕ್ಕ ರೋಗ ಇಲ್ಲ. ನಡಸಾಂವಗ ಐತಿ.’ ಅದನ್ನು ಕಪಾಟಿನೊಳಗೆ ಇಟ್ಟರು. ಐದು ವ್ಯಾಟಿನ ಸಣ್ಣದನ್ನು ತೆಗೆದು ನನ್ನ ಕೈಗಿಟ್ಟರು.

“ಮಾತ ಕೊಟ್ಟಿದ್ದೆ. ತಗೊಂಡ ಹೋಗು.”

“ಬ್ಯಾಡ್ರಿ ಕಾಕಾ. ನಾ ಕಿವಿ ಕೊಡಲಿಲ್ಲ.”

“ಮೂರ ತಿಂಗಳ ತಲಿ ಕೆರಕೊಂಡ ನಿಂತಿ. ಅದು ಸಾಕು. ಮೈಕ್‌ನ್ನ ರೆಕಾರ್ಡ ಮಾಡೂಮುಂದ ಸ್ಪೀಕರಿನ ನಟ್ಟ ನಡುವ ಇಡಬ್ಯಾಡ, ಅಲ್ಲೆ ದನಿ ಚುಚ್ಚತೈತಿ. ಒಂದ ಗೇಣ ದೂರ, ಒಂದಿಷ್ಟ ವಾರಿ ಇಡು. ಗ್ವಾಡಿಗೆ ಕೌದಿ ಹಾಕು.” ಶಟರ್ ಎಳೆದರು. ತಿಂಗಳೊಪ್ಪತ್ತಿನಲ್ಲಿ ನರಗುಂದದ ಮಗಳ ಮನೆಗೆ ಹೋದರು.

ಹೇಳಿದ ಹಾಗೆ ಮಾಡಿದೆ. ಅವ್ವನ ಮೂರು ಕೌದಿ ಗೋಡೆಗೆ, ಒಂದು ತಗಡಿನ ಕೆಳಗೆ. ಒಂದು ಗೇಣು ದೂರ, ಒಂದಿಷ್ಟು ವಾರೆ. ಅವ್ವ ರೊಟ್ಟಿ ಬಡಿಯುವುದು ಮುಗಿದ ಮೇಲೆ ಶುರು ಮಾಡುವುದು, ಫ್ರಿಜ್ ಗುನುಗುವುದು ನಿಂತಾಗ ಬಾರಿಸುವುದು, ಓಣಿಯಲ್ಲಿ ಯಾರೋ ನನ್ನನ್ನೇ ಕರೆದಾಗ ನಿಲ್ಲಿಸುವುದು. ಹೀಗೆ ಎಷ್ಟೋ ವಾರ. ಮೂರು ನಿಮಿಷ ಮುಗಿದ ದಿನ ಸಣ್ಣ ಸ್ಪೀಕರ್ ಚೀಲಕ್ಕೆ ಹಾಕಿಕೊಂಡು ನರಗುಂದದ ಬಸ್ಸು ಹತ್ತಿದೆ.

ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ಎರಡನೆಯ ಸಲ. “ಬಂದಾಗಿಂದ ಕುಂತಬಿಟ್ಟಾನ್ರಿ ಅಪ್ಪ,” ಎಂದಳು ಮಗಳು, ನನ್ನನ್ನು ಕೇಳುವವಳ ಹಾಗೆ. ನಾನು ಸ್ಪೀಕರ್ ಹಚ್ಚಿದೆ.

ಮೊದಲ ನಿಮಿಷ ಅವರು ಅಲುಗಲಿಲ್ಲ. ಮೆತ್ತಗಿನ ಭಾಗ ಮುಗಿದು ದನಿ ಸಿಟ್ಟಿಗೆದ್ದು ಬಿರುಕು ಬಿಟ್ಟಿತು. ಕಾಕಾ ತಲೆ ವಾಲಿಸಿದರು. ಎದ್ದರು. ಕೈ ಬೆನ್ನ ಹಿಂದೆ ಹೋಯಿತು. ಎರಡು ಹೆಜ್ಜೆ, ನಿಂತು, ಮತ್ತೆರಡು ಹೆಜ್ಜೆ.

“ಇದು ಪೂರಾ ಕೇಳಸ್ತೈತಿ ಲೇ,” ಎಂದರು. “ಟಿವಿ ಅರ್ಧಾ ಕೇಳಸ್ತೈತಿ. ಮಮ್ಮಗಳ ಮಾತು ಅರ್ಧಾ. ಇದು ಪೂರಾ.” ಇಂಥ ದನಿಯಲ್ಲಿ ಸೂಜಿಯಂಥ ಭಾಗ ಇರುವುದಿಲ್ಲ. ಇರುವುದೆಲ್ಲ ನಡುವಿನದು, ಅವರ ಕಿವಿ ಇನ್ನೂ ಹಿಡಿದುಕೊಂಡಿದ್ದ ಅಷ್ಟೇ ಜಾಗದ್ದು. ಇಷ್ಟು ವರ್ಷ ಅವರೇ ಓಡಿಸಿದ್ದ ಒಡೆದ ದನಿ ಈಗ ಅವರ ಮನೆಗೇ ಬಂದು ನಿಂತಿತ್ತು.

“ಎರಡನೇ ಮಿನಿಟಿನಾಗ ನಿಮ್ಮವ್ವ ಒಂದ ರೊಟ್ಟಿ ಬಡದಾಳ,” ಎಂದರು.

ಇಲ್ಲವೇ ಇಲ್ಲ ಎಂದೆ. ಮತ್ತೆ ಹಾಕಿ ಕೇಳಿದರೆ, ಹೌದು, ಬಡಿದಿದ್ದಾಳೆ. “ತಗದಹಾಕ್ತೀನ್ರಿ.”

“ಬ್ಯಾಡ. ತಾಳಕ್ಕ ಬರೋಬ್ಬರಿ ಕುಂತೈತಿ. ನಿನಗಿಂತ.”

ಹೊರಡುವಾಗ ಹೇಳಿದೆ. “ರೋಣದ್ದು ಯಾರ ಮುಂದೂ ಹೇಳಿಲ್ರಿ ಕಾಕಾ.”

“ಗೊತ್ತೈತಿ. ಅದಕ್ಕ ಹೊಟ್ಟಿ ಉಬ್ಬಿದಾವರಂಗ ಕುಂತಿ.”

“ಹೇಳ್ಲೇನ್ರಿ?”

ಒಂದು ಸುತ್ತು ಅಡ್ಡಾಡಿ ಬಂದರು. “ನಾ ಇರೂತನಾ ಬ್ಯಾಡ. ಆಮ್ಯಾಲೆ ಯಾರರೆ ಭಾಷಣದಾಗ ‘ಒಮ್ಮೆನೂ ಅಂದಿಲ್ಲ’ ಅಂದ್ರ ಎದ್ದ ನಿಂತ ಹೇಳು. ನಕಲಿ ಮಾಡಬ್ಯಾಡ, ನಿನ್ನ ದನಿಲೆ ಹೇಳು. ಒಂದ ಸಲ ಅಂದೈತಿ ಅನ್ನು. ಎರಡ ಅನಬ್ಯಾಡ ಮತ್ತ. ಎರಡನೇದು ನಿಂದು.”

ಶ್ರದ್ಧಾಂಜಲಿ ಸಭೆಯಲ್ಲಿ, ಮೂರನೆಯ ಸೀಟಿ ಇಳಿದ ಮೇಲೆ, ಊರಿನ ಹಿರಿಯರೊಬ್ಬರು ಹೇಳಿದರು: ಈ ಮೈಕು ನೋಡ್ರಿ, ನಮ್ಮ ಕಾಕಾನ ಸೆಟ್ಟು ಆಯುಷ್ಯದಾಗ ಒಮ್ಮೆಯೂ ಹೀಗೆ ಕೂಗಲಿಲ್ಲ. ನಾನು ಎದ್ದೆ. ಮೈಕಿನ ಮುಂದೆ ಹೋಗಿ, ನನಗೆ ಅಷ್ಟೇನೂ ಪರಿಚಯವಿಲ್ಲದ ನನ್ನ ಸ್ವಂತ ದನಿಯಲ್ಲಿ, ಕಾಕಾ ಹೇಳಿದ್ದನ್ನು ಹೇಳಿದೆ. ಮಂದಿ ನಕ್ಕರು. ಕಣ್ಣೀರು ಒರೆಸಿಕೊಳ್ಳುತ್ತ ನಕ್ಕರು. ನನ್ನ ದನಿಯನ್ನೇ ಅವರು ಯಾರದೋ ನಕಲು ಎಂದು ತಿಳಿದರು. ನಗದವರು ಪಿಟಿ ಮಾಸ್ತರರು ಒಬ್ಬರೇ. “ನನ್ನ ಫಂಕ್ಷನ್ನಾಗೇನ?” ಎಂದು ಕೇಳಿದರು. ಹೌದು ಎಂದೆ. ಅವರು ತಲೆಯಾಡಿಸಿ ಕನ್ನಡಕ ತೆಗೆದರು.

ಉಳಿದವರು ನಂಬದ ಕಾರಣ ಬರೆದಿಡುತ್ತಿದ್ದೇನೆ. ಆ ಸೆಟ್ಟು ಕುಂಯ್ ಅಂದದ್ದು ಒಂದೇ ಸಲ, ರೋಣದಲ್ಲಿ. ಎರಡನೆಯದು ನನ್ನದು.